ಡೈನಮೋ ಡಾಕ್ಟರರ ತಪ್ಪೊಪ್ಪಿಗೆ

ಗಾಡಿಗಳ ಕರೆಂಟಿನ ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ ಎಂದು ಮೊಟ್ಟಮೊದಲು ಹೇಳಿದವರು ಅವರೇ. ನಲವತ್ತು ವರ್ಷ ಬಿಡದೆ ಹೇಳಿದ್ದರಿಂದ ಜನರಿಗೂ ಬಾಯಿಪಾಠವಾಯಿತು. ಆಮೇಲೆ ಅವರು ‘ನಾನಲ್ಲಪ್ಪ, ಜನ ಹಾಗೆ ಹೇಳ್ತಾರೆ’ ಎಂದು ನಾಚಿಕೊಳ್ಳುವ ಅಭ್ಯಾಸ ಮಾಡಿಕೊಂಡರು. ಅಪ್ಪ ಅಮ್ಮ ಇಟ್ಟ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಎಲ್ಲರಿಗೂ ಅವರು ಡೈನಮೋ ಡಾಕ್ಟರು. ಕರೆಂಟ್ ಬಿಲ್ಲು ಕೊಡಲು ಬಂದವನೂ ‘ಡಾಕ್ಟ್ರೇ’ ಎಂದೇ ಕೂಗುತ್ತಿದ್ದ.

ಪೆಟ್ರೋಲ್ ಬಂಕಿನ ಹಿಂದೆ ಅವರ ತಗಡಿನ ಶೆಡ್ಡು. ಮುಂದಿನ ಅರ್ಧದಲ್ಲಿ ಒಂದು ಕಬ್ಬಿಣದ ಕುರ್ಚಿ, ಗೋಡೆಯ ತುಂಬ ಬಣ್ಣಬಣ್ಣದ ವೈರಿನ ಸುತ್ತುಗಳು, ಮೂಲೆಯಲ್ಲಿ ಸತ್ತ ಬ್ಯಾಟರಿಗಳ ರಾಶಿ. ಕುರ್ಚಿಯ ತಲೆಯ ಮೇಲೆ ಒಂದು ಮೀಟರ್ ನೇತುಹಾಕಿದ್ದರು. ಅದನ್ನು ಮುಟ್ಟಿದ್ದನ್ನು ಯಾರೂ ನೋಡಿರಲಿಲ್ಲ. ಮೀಟರ್ ನೋಡಿ ರಿಪೇರಿ ಮಾಡುವವನು ಪುಸ್ತಕ ನೋಡಿ ಪರೀಕ್ಷೆ ಬರೆಯುವವನಿಗಿಂತ ಕಡೆ ಎಂದು ಅವರ ಅಭಿಪ್ರಾಯ. ‘ಮುಳ್ಳು ಸುಳ್ಳು ಹೇಳುತ್ತೆ, ಕಿವಿ ಹೇಳಲ್ಲ’ ಎನ್ನುತ್ತಿದ್ದರು. ಇಂಜಿನ್ನಿನ ಪಕ್ಕದಲ್ಲಿ ಕಣ್ಣು ಮುಚ್ಚಿ ನಿಂತು, ಕತ್ತು ಒಂದಿಷ್ಟು ಓರೆ ಮಾಡಿ ಅವರು ಕೇಳುತ್ತಿದ್ದರೆ, ಗಾಡಿಯ ಮಾಲೀಕರು ಉಸಿರಾಡಲೂ ಹೆದರುತ್ತಿದ್ದರು.

ಹಾಗಂತ ಅವರಿಗೆ ಕೆಲಸ ಬರುತ್ತಿರಲಿಲ್ಲ ಎಂದುಕೊಳ್ಳಬೇಡಿ. ಬರುತ್ತಿತ್ತು, ಅದೇ ಬಂದ ಕಷ್ಟ. ಇಂಜಿನ್ ಓಡುವಾಗ ಬೆಲ್ಟು ಡೈನಮೋವನ್ನು ತಿರುಗಿಸುತ್ತದೆ, ಡೈನಮೋ ಕರೆಂಟು ಹುಟ್ಟಿಸುತ್ತದೆ, ಆ ಕರೆಂಟು ಬ್ಯಾಟರಿಯನ್ನು ತುಂಬಿಸುತ್ತದೆ. ಇಷ್ಟೇ ದಾರಿ. ಈ ದಾರಿಯಲ್ಲಿ ಎಲ್ಲಿ ತೂತು ಬಿದ್ದಿದೆ ಎಂದು ಕಂಡುಹಿಡಿಯುವುದರಲ್ಲಿ ಅವರದು ಎತ್ತಿದ ಕೈ. ಆದರೆ ಕಂಡುಹಿಡಿದು, ಸರಿಮಾಡಿ, ಕೈ ಒರೆಸಿಕೊಂಡು ಸುಮ್ಮನಾಗುವ ಜೀವ ಅದಲ್ಲ. ಕೊನೆಗೊಂದು ಆಟ ಬೇಕಿತ್ತು. ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವೈರನ್ನು ಸಡಿಲಿಸಿ, ಎರಡೇ ಬೆರಳಲ್ಲಿ ಹಿಡಿದು ಮೇಲೆತ್ತಿಬಿಡುತ್ತಿದ್ದರು. ಬ್ಯಾಟರಿಯ ಹಂಗಿಲ್ಲದೆ ಇಂಜಿನ್ ಓಡುತ್ತಲೇ ಇದ್ದರೆ ಡೈನಮೋ ಗಟ್ಟಿ ಎಂದು ಅರ್ಥ. ಇದಕ್ಕೆ ಅವರು ‘ನಾಡಿ ನೋಡೋದು’ ಎನ್ನುತ್ತಿದ್ದರು. ಬಂಕಿಗೆ ಬಂದವರು ಪೆಟ್ರೋಲ್ ಮರೆತು ಈ ನಾಡಿ ನೋಡಲು ನಿಲ್ಲುತ್ತಿದ್ದರು. ಚಪ್ಪಾಳೆಯೂ ಬೀಳುತ್ತಿತ್ತು. ಚಪ್ಪಾಳೆ ಕಡಿಮೆಯಾದ ದಿನ ಡಾಕ್ಟರು ಮನೆಯಲ್ಲಿ ಸಾರು ಸರಿಯಿಲ್ಲ ಎನ್ನುತ್ತಿದ್ದರು.

ಈ ಆಟ ಹಳೆಯ ಗಾಡಿಗಳಿಗೆ ಮಾತ್ರ. ಹೊಸ ಗಾಡಿಗಳಲ್ಲಿ ಡೈನಮೋ ಇಲ್ಲ, ಆಲ್ಟರ್ನೇಟರ್ ಇದೆ. ಅದರ ಒಳಗೆ ಡಯೋಡ್ ಎಂಬ ಬಟಾಣಿಯಷ್ಟು ಸಣ್ಣ ಸಾಮಾನುಗಳಿವೆ. ಇಂಜಿನ್ ಓಡುವಾಗ ಬ್ಯಾಟರಿ ವೈರ್ ಕಿತ್ತರೆ ಅವು ಚಟಕ್ಕನೆ ಸುಟ್ಟುಹೋಗುತ್ತವೆ. ಡಾಕ್ಟರಿಗೆ ಇದು ಚೆನ್ನಾಗಿಯೇ ಗೊತ್ತಿತ್ತು. ಹೊಸ ಗಾಡಿಗೆ ಹಾಗೆ ಮಾಡಲು ಹೋದ ಎಷ್ಟೋ ಮೆಕ್ಯಾನಿಕ್‌ಗಳಿಗೆ ಅವರೇ ಮುಖಕ್ಕೆ ಹೊಡೆದ ಹಾಗೆ ಬುದ್ಧಿ ಹೇಳಿದ್ದರು.

ಶೆಡ್ಡಿನ ಹಿಂದಿನ ಅರ್ಧ ಅವರ ಭಾವಮೈದನದು, ಅಂದರೆ ಹೆಂಡತಿಯ ತಮ್ಮನದು. ಮೋಟಾರು, ಡೈನಮೋಗಳನ್ನು ಬಿಚ್ಚಿ ಒಳಗಿನ ತಾಮ್ರದ ತಂತಿ ಹೊಸದಾಗಿ ಸುತ್ತುವುದು ಅವನ ಕೆಲಸ. ಇಪ್ಪತ್ತೆರಡು ವರ್ಷದಿಂದ ಅಲ್ಲಿ ಕೂತು ಸುತ್ತುತ್ತಿದ್ದ. ಮಾತು ಕಡಿಮೆ, ಬಾಯಲ್ಲಿ ಯಾವಾಗಲೂ ದಾರದ ತುಂಡು. ಮುಂದಿನ ಅರ್ಧಕ್ಕೂ ಹಿಂದಿನ ಅರ್ಧಕ್ಕೂ ನಡುವೆ ಒಂದು ಗೋಣಿಪಟ್ಟೆ ಇಳಿಬಿಟ್ಟಿತ್ತು. ಬಿಚ್ಚಿದ ಸಾಮಾನು ಮುಚ್ಚಿಯೇ ಪರದೆ ದಾಟಿ ಈಚೆ ಬರಬೇಕು ಎಂಬುದು ಡಾಕ್ಟರು ಮಾಡಿದ ಕಾನೂನು. ‘ಒಳಗಿಂದು ನಿಂದು, ಹೊರಗಿಂದು ನಂದು’ ಎಂದು ಅವರು ಹಂಚಿಬಿಟ್ಟಿದ್ದರು. ಹೊರಗಿನದರಲ್ಲಿ ಚಪ್ಪಾಳೆಯೂ ಸೇರಿತ್ತು.

ಒಂದು ದಿನ ವಕೀಲರೊಬ್ಬರು ಹಳೆಯ ಜೀಪೊಂದನ್ನು ತಂದು ನಿಲ್ಲಿಸಿದರು. ಬೆಟ್ಟ, ಹೊಳೆ, ಕೆಸರು ಎಲ್ಲ ತುಳಿಯಲೆಂದು ಹುಟ್ಟಿದ ಗಾಡಿ. ವಕೀಲರ ಕೈಗೆ ಬಂದ ಮೇಲೆ ಅದರ ಟೈರಿಗೆ ಮಣ್ಣು ಅಂಟಿರಲಿಲ್ಲ. ಹಸಿರು ಬಣ್ಣ ಹೊಡೆಸಿ, ಒಂದೊಂದು ಬೋಲ್ಟಿಗೂ ಪಾಲಿಶ್ ಮಾಡಿಸಿ, ಬಟ್ಟೆ ಹೊದಿಸಿ ಇಟ್ಟಿದ್ದರು. ಹಳೇ ವಾಹನಗಳ ಸಂಘದ ಪ್ರದರ್ಶನ ಒಂದು ತಿಂಗಳಲ್ಲಿತ್ತು. ಎಲ್ಲವೂ ಫ್ಯಾಕ್ಟರಿಯಿಂದ ಬಂದ ಹಾಗೆಯೇ ಇರುವ ಗಾಡಿಗೆ ಮೊದಲ ಬಹುಮಾನ. ಕರೆಂಟಿನ ಭಾಗ ಅಸಲಿ ಎಂದು ಸಹಿ ಹಾಕಬೇಕಾದವರು ಡೈನಮೋ ಡಾಕ್ಟರು.

‘ಬ್ಯಾಟರಿ ಎರಡು ದಿನಕ್ಕೆ ಮಲಗಿಬಿಡುತ್ತೆ ಡಾಕ್ಟ್ರೇ’ ಎಂದರು ವಕೀಲರು.

ಡಾಕ್ಟರು ಕಣ್ಣು ಮುಚ್ಚಿ ಕೇಳಿದರು. ಬೆಲ್ಟು ಒತ್ತಿ ನೋಡಿದರು, ಬಿಗಿಯಾಗಿತ್ತು. ಬ್ಯಾಟರಿಯ ತುದಿಗಳ ಮೇಲಿನ ಬಿಳಿ ಪುಡಿಯನ್ನು ಬಿಸಿನೀರು ಹಾಕಿ ತೊಳೆದರು. ಆಮೇಲೆ ಇಂಜಿನ್ನಿನಿಂದ ಗಾಡಿಯ ಮೈಗೆ ಹೋಗುವ ಅರ್ಥಿಂಗ್ ಪಟ್ಟಿಯನ್ನು ಬಿಚ್ಚಿದರು. ಅದರ ಕೆಳಗೆ ಹಸಿರು ಬಣ್ಣ, ಎರಡು ಕೋಟು. ಬಣ್ಣದ ಮೇಲೆ ಕರೆಂಟು ಓಡಾಡುವುದಿಲ್ಲ. ‘ವಕೀಲರೇ, ನಿಮ್ಮ ಗಾಡಿಗೆ ಅಂದ ಜಾಸ್ತಿಯಾಗಿ ಕಾಯಿಲೆ ಬಂದಿದೆ’ ಎಂದು ಬಣ್ಣ ಕೆರೆದು ಪಟ್ಟಿ ಬಿಗಿದರು. ಜೀಪು ಸರಿಹೋಯಿತು. ಸುಳ್ಳು ಹೇಳಬಾರದು, ಅದು ಒಳ್ಳೆಯ ಕೆಲಸ. ಅಲ್ಲಿಗೇ ನಿಲ್ಲಿಸಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಜನ ಸೇರಿದ್ದರು. ಡಾಕ್ಟರು ನಾಡಿ ನೋಡಿದರು. ಎರಡು ಬೆರಳಲ್ಲಿ ವೈರ್ ಮೇಲೆ ಹೋಯಿತು, ಇಂಜಿನ್ ಓಡುತ್ತಲೇ ಇತ್ತು, ಚಪ್ಪಾಳೆ ಬಿತ್ತು. ವಕೀಲರ ಮುಖ ಮಾತ್ರ ಒಂದು ಕ್ಷಣ ಬಿಳಿಚಿಕೊಂಡಿತು. ಏಕೆಂದರೆ ಅವರಿಗೊಬ್ಬರಿಗೆ ಒಂದು ವಿಷಯ ಗೊತ್ತಿತ್ತು. ಹಳೆಯ ಡೈನಮೋದಿಂದ ದೀಪಗಳಿಗೆ ಬೆಳಕು ಸಾಲದೆಂದು ದೂರದ ಊರಿನಲ್ಲಿ ಅದರ ಹೊಟ್ಟೆ ಖಾಲಿ ಮಾಡಿಸಿ, ಒಳಗೆ ಆಲ್ಟರ್ನೇಟರ್ ಕೂರಿಸಿದ್ದರು. ಹೊರಗೆ ಮಾತ್ರ ಹಳೆಯ ಡೈನಮೋದ ಕವಚ. ಸಹಿ ಬೇಕಾದವರು ಅದನ್ನು ಬಾಯಿಬಿಟ್ಟು ಹೇಳುವುದುಂಟೇ? ಚಪ್ಪಾಳೆಯ ಬಿಸಿಯಲ್ಲೇ ಕಾಗದ ಮುಂದೆ ಹಿಡಿದರು. ಡಾಕ್ಟರು ‘ಅಸಲಿ ಡೈನಮೋ, ಉತ್ತಮ ಸ್ಥಿತಿ’ ಎಂದು ಬರೆದು, ಕೆಳಗೆ ದೊಡ್ಡದಾಗಿ ಸಹಿ ಹಾಕಿದರು. ಅಷ್ಟು ಹೊತ್ತಿಗೆ ಒಳಗಿನ ಡಯೋಡುಗಳು ಸುಟ್ಟು ಕರಕಲಾಗಿದ್ದವು.

ಎರಡು ದಿನಕ್ಕೆ ಜೀಪನ್ನು ಎಳೆದುಕೊಂಡು ಬಂದರು. ಡಾಕ್ಟರು ಬ್ಯಾಟರಿ ಬದಲಿಸಿದರು, ವೈರ್ ಬದಲಿಸಿದರು, ಜೀಪು ಯಾವುದಕ್ಕೂ ಜಗ್ಗಲಿಲ್ಲ. ಕೊನೆಗೆ ಡೈನಮೋವನ್ನು ಗಾಡಿಯಿಂದ ಕಳಚಿ ಗೋಣಿಪಟ್ಟೆಯ ಆಚೆ ಕಳಿಸಿದರು. ಅರ್ಧ ಗಂಟೆಯಲ್ಲಿ ಭಾವಮೈದ ಪರದೆ ಸರಿಸಿ ತಲೆ ಹಾಕಿದ.

‘ಭಾವ, ಒಂದ್ನಿಮಿಷ ಒಳಗೆ ಬನ್ನಿ. ಇದು ಡೈನಮೋ ಅಲ್ಲ.’

‘ನಲವತ್ತು ವರ್ಷ ಆಯ್ತು ಕಣೋ, ಈಗ ನೀನು ನನಗೆ ಡೈನಮೋ ಪರಿಚಯ ಮಾಡಿಸ್ತೀಯಾ?’

‘ಒಳಗೆ ಡಯೋಡ್ ಇದಾವೆ ಭಾವ. ಸುಟ್ಟಿದಾವೆ. ಒಂದ್ಸಲ ನೋಡಿ.’

‘ನಾನು ಕಿವಿಯಲ್ಲಿ ಕೇಳಿದೀನಿ. ಸಹಿ ಹಾಕಿದೀನಿ. ಒಳಗಿಂದು ನಿಂದು, ಸರಿಮಾಡಿ ಮುಚ್ಚಿ ಕೊಡು.’

ಸಹಿ ಹಾಕಿದ ಮೇಲೆ ವಸ್ತುವೇ ಬದಲಾಗಬೇಕೇ ಹೊರತು ಡಾಕ್ಟರು ಬದಲಾಗುವವರಲ್ಲ. ಭಾವಮೈದ ಒಳಗೆ ಹೋದ. ಹೊಸ ಡಯೋಡ್ ಕೂರಿಸಿ, ಮುಚ್ಚಿ ಕೊಟ್ಟ. ಜೀಪಿಗೆ ಕಟ್ಟಿ ಇಂಜಿನ್ ಚಾಲೂ ಮಾಡಿದರೆ ಡ್ಯಾಶ್‌ಬೋರ್ಡಿನ ಮುಳ್ಳು ನೆಟ್ಟಗೆ ಚಾರ್ಜಿನ ಕಡೆ ಹೋಯಿತು. ಡಾಕ್ಟರು ಮುಳ್ಳು ನೋಡುವವರಲ್ಲವಲ್ಲ, ಜನ ನೋಡುವವರು. ಜನ ಇದ್ದರು. ವೈರ್ ಕಿತ್ತು ನಾಡಿ ನೋಡಿದರು. ಜೀಪು ಮತ್ತೆ ಎರಡು ದಿನಕ್ಕೆ ಮಲಗಿತು.

ಮೂರನೇ ಸಲ ಬಂದಾಗ ಊರಲ್ಲಿ ಸುದ್ದಿಯಾಗಿತ್ತು. ಡಾಕ್ಟರ ಕೈಗೂ ಸಿಗದ ಕಾಯಿಲೆ ಎಂದರೆ ಏನು ಎಂದು ನೋಡಲು ನಲವತ್ತು ಜನ ಕೂಡಿದರು. ಭಾವಮೈದ ಮತ್ತೆ ಡಯೋಡ್ ಹಾಕಿ ಕೊಟ್ಟಿದ್ದ. ಈ ಸಲ ಅವನು ಪರದೆ ದಾಟಿ ಈಚೆ ಬಂದು ಜೀಪಿನ ಪಕ್ಕದಲ್ಲೇ ನಿಂತ. ಡಾಕ್ಟರು ಸ್ಪ್ಯಾನರ್ ತೆಗೆದುಕೊಂಡು ಬ್ಯಾಟರಿಯ ಕಡೆ ಬಾಗಿದ್ದೇ ತಡ, ಅವರ ಮಣಿಕಟ್ಟು ಹಿಡಿದ.

‘ಬೇಡ ಭಾವ. ದಮ್ಮಯ್ಯ, ವೈರ್ ಕೀಳ್ಬೇಡಿ.’

ನಲವತ್ತು ಜನರ ಎದುರು, ನಲವತ್ತು ವರ್ಷದ ಕೈಯನ್ನು, ಹೆಂಡತಿಯ ತಮ್ಮ ಹಿಡಿದುಬಿಟ್ಟ. ಡಾಕ್ಟರಿಗೆ ಕೋಪ ಮೂಗಿನ ತುದಿಗೆ ಬಂತು. ಕೈ ಕೊಡವಿ, ವೈರ್ ಸಡಿಲಿಸಿ, ಎಂದಿಗಿಂತ ಒಂದು ಅಡಿ ಮೇಲಕ್ಕೇ ಎತ್ತಿದರು. ಈ ಸಲ ಇಂಜಿನ್ ಎರಡು ಸಲ ಕೆಮ್ಮಿ ನಿಂತೇಹೋಯಿತು. ಚಪ್ಪಾಳೆಗೆ ಎತ್ತಿದ ಕೈಗಳು ಎತ್ತಿದಲ್ಲೇ ಉಳಿದವು. ಯಾರೋ ಹಿಂದಿನಿಂದ ಕಿಸಕ್ಕನೆ ನಕ್ಕರು.

ಆ ನಗು ಇಳಿಯುವ ಮೊದಲೇ ಡಾಕ್ಟರು ಬೆರಳು ತೋರಿಸಿದರು. ‘ನೋಡಿ, ಎಲ್ಲರೂ ನೋಡಿ. ನನ್ನ ಕಡೆಯಿಂದ ಎಲ್ಲ ಸರಿ ಇದೆ. ಇವನ ಕೈ ಹೋಗಿದೆ. ಕೈ ಸತ್ತಿರೋನಿಗೆ ಕೆಲಸ ಕೊಟ್ಟು ಇಷ್ಟು ವರ್ಷ ಸಾಕಿದ್ದು ನನ್ನ ತಪ್ಪು.’

ಭಾವಮೈದ ಬಾಯಿಂದ ದಾರದ ತುಂಡು ತೆಗೆದು ಜೇಬಿಗೆ ಹಾಕಿಕೊಂಡ. ಸಂಜೆಯೊಳಗೆ ತನ್ನ ಸುತ್ತುವ ಯಂತ್ರ, ತಾಮ್ರದ ಉಂಡೆಗಳನ್ನೆಲ್ಲ ತಳ್ಳುಗಾಡಿಯಲ್ಲಿ ಹೇರಿಕೊಂಡು ಹೋಗಿ, ಎರಡು ಬೀದಿ ಆಚೆ ಬಾಗಿಲು ಹಾಕಿದ ಟೈಲರ್ ಅಂಗಡಿಯ ಜಗುಲಿಯಲ್ಲಿ ಕೂತ. ಸುತ್ತುವವನಿಗೆ ಕೈಯೇ ಎಲ್ಲ. ಕೈ ಸತ್ತಿದೆ ಎಂಬ ಮಾತು ಅವನಿಗಿಂತ ಮೊದಲೇ ಆ ಬೀದಿ ತಲುಪಿತ್ತು.

ಆ ದಿನ ಊಟಕ್ಕೆ ಕೂತಾಗ ಹೆಂಡತಿ ತಟ್ಟೆ ಇಟ್ಟರು, ಬಡಿಸಲಿಲ್ಲ. ‘ರೀ, ಅವನ ಮಾತು ಒಂದ್ಸಲ ಕೇಳಿದ್ರೆ ನಿಮ್ಮ ಆ ಕಿವಿ ಸವೆದು ಹೋಗ್ತಿತ್ತಾ?’

‘ನಿನ್ನ ತಮ್ಮ ಅಂತ ವಹಿಸ್ಕೊಂಡು ಬರಬೇಡ. ಅವನು ಸುತ್ತಿರೋದು ಸರಿಯಿಲ್ಲ. ನಾಳೆ ಬಿಚ್ಚಿ ತೋರಿಸ್ತೀನಿ.’

‘ತೋರಿಸಿ. ಅದನ್ನೇ ಅವನು ನಿಮಗೆ ತೋರಿಸಬೇಕು ಅಂತಿದ್ದ’ ಎಂದು ಅವರು ಎದ್ದುಹೋದರು.

ಮರುದಿನ ಬೆಳಿಗ್ಗೆ ಡಾಕ್ಟರು ತಮ್ಮ ಕಾನೂನನ್ನು ತಾವೇ ಮುರಿದು ಡೈನಮೋ ಬಿಚ್ಚಿದರು. ಕೆಟ್ಟ ಸುತ್ತು ಕಾಣಿಸುತ್ತದೆ, ಹಿಡಿದುಕೊಂಡು ಮನೆಗೆ ಹೋಗಿ ಹೆಂಡತಿಯ ಮುಂದೆ ಇಡಬೇಕು ಎಂದು ಲೆಕ್ಕ ಹಾಕಿದ್ದರು. ಕವಚ ಸರಿಸಿದರೆ ಒಳಗೆ ಡೈನಮೋ ಇರಲೇ ಇಲ್ಲ. ಇದ್ದದ್ದು ಆಲ್ಟರ್ನೇಟರ್. ಸುಟ್ಟ ಡಯೋಡುಗಳು ಸಾಲಾಗಿ ಕೂತಿದ್ದವು. ಸುತ್ತು ಮಾತ್ರ ಎಲ್ಲೂ ಕೆಟ್ಟಿರಲಿಲ್ಲ.

ಸುತ್ತುವವರು ರಿಪೇರಿ ಮಾಡಿದ ತಾರೀಖನ್ನು ಕವಚದ ಒಳಮೈಯಲ್ಲಿ ಮೊಳೆಯಿಂದ ಗೀಚುವುದುಂಟು. ಮುಂದೆ ಬಿಚ್ಚುವವನಿಗೆ ಗೊತ್ತಾಗಲಿ ಎಂದು. ಇಲ್ಲೂ ಎರಡು ತಾರೀಖು ಇದ್ದವು. ಮೊದಲನೆಯದರ ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ ‘ಭಾವ, ಇದು ಆಲ್ಟರ್ನೇಟರ್’ ಎಂದು ಬರೆದಿತ್ತು. ಎರಡನೆಯದರ ಪಕ್ಕ ‘ಭಾವ, ವೈರ್ ಕೀಳಬೇಡಿ’. ಬಾಯಲ್ಲಿ ಹೇಳಿದರೆ ಕೇಳದವರು ಎಂದಾದರೊಂದು ದಿನ ಬಿಚ್ಚಿಯಾದರೂ ನೋಡಲಿ ಎಂದು ಬರೆದಿಟ್ಟಿದ್ದ.

ಡಾಕ್ಟರು ಕುರ್ಚಿಯಲ್ಲಿ ಕುಸಿದು ಕೂತರು. ಮೂರು ಸಲ. ಮೂರು ಸಲವೂ ತಾವೇ ಸುಟ್ಟು, ಅದಕ್ಕೆ ಚಪ್ಪಾಳೆ ಬೇರೆ ತೆಗೆದುಕೊಂಡಿದ್ದರು. ನಾಚಿಕೆ ಎಂಬುದು ಅವರಿಗೆ ಅಷ್ಟಾಗಿ ಪರಿಚಯವಿಲ್ಲದ ವಸ್ತು, ಮೊದಲು ಎದೆಯುರಿ ಎಂದೇ ತಿಳಿದು ಎರಡು ಲೋಟ ನೀರು ಕುಡಿದರು. ಇಳಿಯಲಿಲ್ಲ. ಬಾಗಿಲು ಎಳೆದುಕೊಂಡು ಎರಡು ಬೀದಿ ನಡೆದು, ಟೈಲರ್ ಅಂಗಡಿಯ ಜಗುಲಿಯ ಮುಂದೆ ನಿಂತರು. ಭಾವಮೈದ ಒಬ್ಬನೇ ಇದ್ದ, ಒಂದು ಫ್ಯಾನಿನ ಮೋಟಾರು ಸುತ್ತುತ್ತಿದ್ದ.

‘ನೋಡಿದೆ ಕಣೋ’ ಎಂದರು. ‘ನೀನು ಬರೆದಿದ್ದು ನೋಡಿದೆ. ತಪ್ಪು ನಂದೇ. ಬಾ, ಹೋಗೋಣ.’

ಅವನು ಕೈ ನಿಲ್ಲಿಸಲಿಲ್ಲ. ‘ಅವತ್ತು ನೀವು ಹೇಳಿದ್ದು ನಲವತ್ತು ಜನದ ಮುಂದೆ ಭಾವ. ಇಲ್ಲಿ ನಾವಿಬ್ರೇ ಇದೀವಿ.’

ಹಿಂತಿರುಗಿ ಬರುವಾಗ ಡಾಕ್ಟರು ಗಟ್ಟಿ ಮನಸ್ಸು ಮಾಡಿದರು. ಪ್ರದರ್ಶನದಲ್ಲಿ ಮೈಕು ಇರುತ್ತದೆ, ಊರೇ ಇರುತ್ತದೆ. ಅಲ್ಲೇ ಹೇಳಿಬಿಡುವುದು. ಹೆಸರು ಹೋದರೆ ಹೋಗಲಿ ಎಂದುಕೊಂಡರು. ಹಾಗೆ ಅಂದುಕೊಂಡಾಗ ಕಣ್ಣಲ್ಲಿ ನೀರೂ ಬಂತು. ಅದರಲ್ಲಿ ಅರ್ಧ ಭಾವಮೈದನಿಗಾಗಿ, ಅರ್ಧ ಹೋಗಲಿರುವ ಹೆಸರಿಗಾಗಿ.

ಮಧ್ಯಾಹ್ನ ವಕೀಲರು ಬಂದು ಬಿಚ್ಚಿದ ಡೈನಮೋ ನೋಡಿ ಸ್ವಲ್ಪವೂ ಗಾಬರಿಯಾಗಲಿಲ್ಲ. ‘ಗೊತ್ತಾಯ್ತಾ? ಆಯ್ತು ಬಿಡಿ. ಕಾಗದದ ಮೇಲೆ ಇರೋದು ನಿಮ್ಮ ಸಹಿ. ಸುಮ್ನಿದ್ರೆ ಇಬ್ಬರಿಗೂ ಕ್ಷೇಮ’ ಎಂದು, ಸುಟ್ಟ ಸಾಮಾನನ್ನೇ ಮುಚ್ಚಿಸಿ ಜೀಪಿಗೆ ಕಟ್ಟಿಸಿಕೊಂಡು ಹೋದರು. ಬ್ಯಾಟರಿಯನ್ನು ಬೇರೆ ಕಡೆ ತುಂಬಿಸಿದರೆ ಮೈದಾನದವರೆಗೆ ಓಡಲು ಸಾಕು. ಗಾಡಿ ಚಾರ್ಜ್ ಆಗುತ್ತದೆಯೇ ಎಂಬ ಪ್ರಶ್ನೆ ಸಂಘದ ಪಟ್ಟಿಯಲ್ಲೇ ಇರಲಿಲ್ಲ. ಅಸಲಿ ಹಾಗೆ ಕಾಣುತ್ತದೆಯೇ ಎಂಬ ಪ್ರಶ್ನೆ ಮಾತ್ರ ಇತ್ತು.

ಪ್ರದರ್ಶನದ ದಿನ ಶಾಲೆಯ ಮೈದಾನದಲ್ಲಿ ಮೂವತ್ತು ಗಾಡಿಗಳು ಫಳಫಳ ಹೊಳೆಯುತ್ತ ಸಾಲಾಗಿ ನಿಂತಿದ್ದವು. ಅರ್ಧಕ್ಕರ್ಧ ಗಾಡಿಗಳನ್ನು ತಳ್ಳಿಕೊಂಡು ಬಂದಿದ್ದರು. ಹೆಂಡತಿ, ಭಾವಮೈದ ಇಬ್ಬರೂ ಜನರ ನಡುವೆ ಇದ್ದರು. ಅವರನ್ನು ಡಾಕ್ಟರೇ ಬರಹೇಳಿದ್ದರು. ಎರಡು ಮಾತಾಡಿ ಎಂದು ಅಧ್ಯಕ್ಷರು ಮೈಕು ಕೊಟ್ಟರು. ಡಾಕ್ಟರು ಗಂಟಲು ಸರಿಮಾಡಿಕೊಂಡರು.

‘ವಕೀಲರ ಜೀಪಿನೊಳಗೆ ಇರೋದು ಡೈನಮೋ ಅಲ್ಲ, ಆಲ್ಟರ್ನೇಟರ್. ಮೂರು ಸಲ ಸುಟ್ಟಿದ್ದು ನಾನೇ. ವೈರ್ ಕಿತ್ತು ಸುಟ್ಟೆ. ನನ್ನ ಭಾಮೈದ ಬೇಡ ಬೇಡ ಅಂದ, ನಾನು ಕೇಳಲಿಲ್ಲ. ಅವನ ಕೈ ಸರಿಯಾಗಿದೆ. ಈ ಊರಲ್ಲಿ ಅಂಥ ಕೈ ಇನ್ನೊಂದಿಲ್ಲ. ಅವನ ಬಗ್ಗೆ ನಾನು ಹೇಳಿದ್ದು ಸುಳ್ಳು.’

ಭಾವಮೈದ ತಲೆಯೆತ್ತಿದ. ಅಷ್ಟರಲ್ಲಿ ವಕೀಲರು ವೇದಿಕೆ ಹತ್ತಿ, ಡಾಕ್ಟರ ಹೆಗಲ ಮೇಲೆ ಕೈ ಹಾಕಿ, ಮೈಕನ್ನು ತಮ್ಮ ಕಡೆ ತಿರುಗಿಸಿಕೊಂಡಿದ್ದರು. ಮಾತು ಅವರ ಕಸುಬು.

‘ಕೇಳಿದ್ರಾ ಮಹನೀಯರೇ? ಭಾಮೈದನ ಮಾನ ಉಳಿಸೋಕೆ ನಲವತ್ತು ವರ್ಷದ ತಮ್ಮ ಹೆಸರನ್ನೇ ಬಲಿ ಕೊಡೋಕೆ ನಿಂತಿದ್ದಾರೆ! ಇವರು ಯಾವತ್ತಾದ್ರೂ ತಪ್ಪು ಮಾಡಿದ್ದನ್ನ ನೀವು ನೋಡಿದೀರಾ? ಡೈನಮೋಗೂ ಆಲ್ಟರ್ನೇಟರಿಗೂ ವ್ಯತ್ಯಾಸ ಗೊತ್ತಾಗದ ಡಾಕ್ಟರೇ ಇವರು? ಇಗೋ ಇವರ ಕೈಬರಹ, ಅಸಲಿ ಡೈನಮೋ, ಉತ್ತಮ ಸ್ಥಿತಿ!’

ಕಾಗದ ಗಾಳಿಯಲ್ಲಿ ಆಡಿತು. ಜನ ‘ಹೌದು ಹೌದು’ ಎಂದರು.

‘ಬಿಚ್ಚಿ ತೋರಿಸ್ತೀನಿ! ಯಾರಾದ್ರೂ ಒಂದು ಸ್ಪ್ಯಾನರ್ ಕೊಡಿ!’ ಎಂದು ಡಾಕ್ಟರು ಕಿರುಚಿದರು.

ಅಧ್ಯಕ್ಷರು ನಯವಾಗಿ ತಡೆದರು. ಸಾಲಿನಲ್ಲಿ ನಿಂತ ಗಾಡಿಗೆ ಸ್ಪ್ಯಾನರ್ ಮುಟ್ಟಿಸುವಂತಿಲ್ಲ, ಅದು ಸಂಘದ ನಿಯಮ. ಹಾಗೇನಾದರೂ ಮುಟ್ಟಿಸಿದರೆ ಎಷ್ಟು ಗಾಡಿಗಳ ಹೊಟ್ಟೆಯಿಂದ ಏನೇನು ಹೊರಬರುತ್ತಿತ್ತೋ, ಅಧ್ಯಕ್ಷರ ಗಾಡಿಯೂ ಸಾಲಿನಲ್ಲೇ ಇತ್ತು. ಡಾಕ್ಟರು ಮತ್ತೆ ಮೈಕಿಗೆ ಬಾಯಿ ಹಾಕುವುದರೊಳಗೆ ಮೈದಾನಕ್ಕೆ ಮೈದಾನವೇ ಎದ್ದು ನಿಂತು ಚಪ್ಪಾಳೆ ತಟ್ಟಿತು. ಅವರ ಜೀವಮಾನದಲ್ಲೇ ಅಷ್ಟು ದೊಡ್ಡ ಚಪ್ಪಾಳೆ ಬಿದ್ದಿರಲಿಲ್ಲ. ಜೀಪಿಗೆ ಮೊದಲ ಬಹುಮಾನ ಬಂತು. ಡಾಕ್ಟರಿಗೆ ಶಾಲು ಹೊದಿಸಿದರು. ಹೊದ್ದುಕೊಂಡು ನಿಂತವರ ಮುಖ ನೋಡಲಾಗದೆ ಹೆಂಡತಿ ತಮ್ಮನನ್ನು ಕರೆದುಕೊಂಡು ಮನೆಯ ದಾರಿ ಹಿಡಿದರು.

ಸೋಲೊಪ್ಪುವ ಜಾಯಮಾನ ಡಾಕ್ಟರದಲ್ಲ. ಸತ್ಯ ಹೇಳುವುದರಲ್ಲೂ ಹಠ ಹಿಡಿದರು. ಶೆಡ್ಡಿಗೆ ಬಂದ ಪ್ರತಿಯೊಬ್ಬನನ್ನೂ ಕೂರಿಸಿ, ಮೊದಲಿಂದ ಕೊನೆಯವರೆಗೆ ಹೇಳಿದರು. ಲಾರಿಯವನಿಗೆ ಹೇಳಿದರು, ಬಂಕಿನಲ್ಲಿ ಪೆಟ್ರೋಲ್ ಹಾಕುವವಳಿಗೆ ಹೇಳಿದರು, ಪಂಪ್‌ಸೆಟ್ ಅಂಗಡಿಯವನ ಅಂಗಡಿಗೇ ಹೋಗಿ ಹೇಳಿದರು. ‘ಅವನ ಕೈ ಸರಿಯಾಗಿದೆ, ತಪ್ಪು ನನ್ನದು’ ಎಂದು ಎದೆ ಮುಟ್ಟಿಕೊಂಡು ಹೇಳಿದರು. ಎಲ್ಲರೂ ಕಣ್ಣೊದ್ದೆ ಮಾಡಿಕೊಂಡು ಕೇಳಿದರು. ‘ನಿಮ್ಮಂಥ ಭಾವ ಸಿಗೋಕೆ ಅವನು ಪುಣ್ಯ ಮಾಡಿರ್ಬೇಕು’ ಎಂದರು. ಪಂಪ್‌ಸೆಟ್ ಅಂಗಡಿಯವನು ಅವರ ಕೈ ಹಿಡಿದು ಅತ್ತೇಬಿಟ್ಟ. ಮರುದಿನದಿಂದ ಮೋಟಾರುಗಳನ್ನು ಸುತ್ತಿಸಲು ಬೇರೆ ಊರಿಗೆ ಕಳಿಸತೊಡಗಿದ.

ಒಂದು ಮಧ್ಯಾಹ್ನ ಭಾವಮೈದ ಶೆಡ್ಡಿಗೆ ಬಂದ. ಡಾಕ್ಟರು ಒಬ್ಬ ಟ್ರ್ಯಾಕ್ಟರಿನವನಿಗೆ ಅದೇ ಕಥೆ ಹೇಳುತ್ತಿದ್ದರು. ಟ್ರ್ಯಾಕ್ಟರಿನವನು ಇವನನ್ನು ನೋಡಿ, ಅಯ್ಯೋ ಪಾಪ ಎಂಬಂತೆ ಮುಖ ಮಾಡಿ, ಎದ್ದು ಹೋದ. ಭಾವಮೈದ ಹೊಸ್ತಿಲಲ್ಲೇ ನಿಂತ.

‘ಸಾಕು ಭಾವ. ನಿಲ್ಲಿಸಿ.’

‘ನಿಜ ಹೇಳ್ತಾ ಇದೀನಿ ಕಣೋ! ನಿನ್ನ ಹೆಸರು ಉಳಿಸ್ಬೇಕು ಅಂತ ಸಿಕ್ಕಸಿಕ್ಕವರಿಗೆಲ್ಲ ಹೇಳ್ತಾ ಇದೀನಿ.’

‘ಗೊತ್ತು. ನೀವು ಬೈದಾಗ ಅರ್ಧ ಜನ ನಂಬಿದ್ರು. ಅವರಿಗೆ ಕೋಪ ಬಂದಿದೆ, ಏನೋ ಅಂದ್ಬಿಟ್ರು ಅಂತ ಇನ್ನರ್ಧ ಜನ ನನ್ನ ಹತ್ರ ಬರ್ತಿದ್ರು. ಈಗ ನೀವು ವಹಿಸ್ಕೊಂಡು ಮಾತಾಡೋಕೆ ಶುರು ಮಾಡಿದ ಮೇಲೆ ಅವರೂ ನಂಬಿದ್ರು. ಎರಡು ವಾರದಿಂದ ಒಂದು ಮೋಟಾರೂ ಬಂದಿಲ್ಲ.’ ಅವನ ದನಿ ಏರಲಿಲ್ಲ. ‘ನನ್ನ ವಿಷಯ ಯಾರ ಹತ್ರಾನೂ ಎತ್ತಬೇಡಿ. ಒಳ್ಳೇದೂ ಬೇಡ, ಕೆಟ್ಟದ್ದೂ ಬೇಡ.’

ಡಾಕ್ಟರು ಬಾಯಿ ತೆರೆದರು. ಹೇಳಲು ಬಹಳ ಇತ್ತು, ನಲವತ್ತು ವರ್ಷದ ಅಭ್ಯಾಸ ಬೇರೆ. ಆದರೂ ಏನೂ ಹೇಳದೆ ಬಾಯಿ ಮುಚ್ಚಿಕೊಂಡರು. ಇಪ್ಪತ್ತೆರಡು ವರ್ಷದಲ್ಲಿ ಭಾವಮೈದ ಹೇಳಿದ ಮಾತನ್ನು ಅವರು ಕೇಳಿದ್ದು ಅದೇ ಮೊದಲು.